ರಾಹುಕಾಲದ ರೈಲು

ಢಣ್! ಢಣ್! ಢಣ್!

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ತೂಗುಹಾಕಿದ್ದ ಕಬ್ಬಿಣದ ತುಂಡು ಮೊಳಗಿದಾಗ, ಎದುರಿನ ಮುನಿಶಾಮಯ್ಯನ ಟೀ ಅಂಗಡಿಯಲ್ಲಿ ಚನ್ನಯ್ಯ ಕಾಲಮೇಲೆ ಕಾಲು ಹಾಕಿ ಕೂತಿದ್ದ.

"ಇನ್ನೊಂದು ಟೀ ಹಾಕು ಮುನಿಶಾಮಣ್ಣ. ಗಂಟೆ ಹೊಡೆದ್ರೆ ರೈಲು ಬಂದ್ಬುಡ್ತದಾ? ರೈಲಿನ ಜಾತಕ ಬರೆಯೋನು ನಾನು ಕಣಣ್ಣ!"

ಸುಳ್ಳಲ್ಲ. ಹಳೇ ರೈಲು ಎಷ್ಟು ತಡವಾಗುತ್ತದೆಂದು ಮನೆಯಲ್ಲೇ ಕೂತು ಹೇಳಿ, ಊರವರಿಂದ ಸೈ ಅನ್ನಿಸಿಕೊಂಡಿದ್ದ ಮಹಾಪುರುಷ ಅವನು. ಈಗ ಹೊಸ ರೈಲು ಬಿಟ್ಟಿದ್ದರು. ಬೆಳಗ್ಗೆ ಎಂಟಕ್ಕೆ. ಆವತ್ತು ಸೋಮವಾರ, ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಆದರೆ ಹೆಂಡತಿ ಶಿವಲಕ್ಷ್ಮಿಯ ರೇಷ್ಮೆಗೂಡು ಆವತ್ತೇ ರಾಮನಗರದ ಮಾರ್ಕೆಟ್ಟು ಸೇರಬೇಕಿತ್ತು. ಹೋದ ಬೆಳೆಯ ಹುಳುವೆಲ್ಲ ರೋಗ ಬಂದು ಸತ್ತಿತ್ತು. ಈ ಸಲ ಅವಳು ಮಗುವಿಗಿಂತ ಹೆಚ್ಚಾಗಿ ನೋಡಿಕೊಂಡು, ನಿದ್ದೆಗೆಟ್ಟು ಸೊಪ್ಪು ಹಾಕಿ, ಬೆಳ್ಳಗೆ ಗಟ್ಟಿಯಾಗಿ ಗೂಡು ಕಟ್ಟಿಸಿದ್ದಳು. ಇನ್ನೂ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬಂದುಬಿಡುತ್ತದೆ. ತೂತುಬಿದ್ದ ಗೂಡನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಚನ್ನಯ್ಯ ಉಪಾಯ ಹೂಡಿದ್ದ. ರಾಹು ಕಣ್ಣು ಬಿಡುವ ಮೊದಲೇ ಗೂಡಿನ ಚೀಲಗಳನ್ನು ಮನೆಯಿಂದ ಹೊರಡಿಸಿ, ಮುನಿಶಾಮಯ್ಯನ ಅಂಗಡಿಯಲ್ಲಿ ಪ್ರಸ್ಥಾನ ಇಟ್ಟದ್ದಾಯಿತು; ಪ್ರಯಾಣ ಒಳ್ಳೇ ಗಳಿಗೆಯಲ್ಲೇ ಶುರುವಾದ ಲೆಕ್ಕ. ಇನ್ನು ರೈಲು. ಅದು ಹೇಗೂ ಒಂಬತ್ತು ದಾಟಿಯೇ ಬರುತ್ತದೆ. ರಾಹುವಿಗೂ ಸಂತೋಷ, ರೈಲಿಗೂ ಸಂತೋಷ!

"ಏಳ್ರೀ, ಗಾಡಿ ಬತ್ತೈತೆ!" ಶಿವಲಕ್ಷ್ಮಿ ಚೀಲ ಎಳೆದಳು.

"ಲಕ್ಷ್ಮೀ, ರೈಲು ಅಂದ್ರೆ ಅಳಿಯ ಇದ್ದಂಗೆ ಕಣಮ್ಮಿ. ಹೇಳಿದ ಹೊತ್ತಿಗೆ ಬಂದ್ರೆ ಮರ್ವಾದೆ ಎಲ್ಲೈತೆ?"

"ಈ ಗಾಡಿ ಹಂಗಲ್ಲಣ್ಣ," ಎಂದಳು ಟೀ ಕುಡಿಯುತ್ತಿದ್ದ ಅಖ್ತರಿ. ರಾಮನಗರದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ದಿನಾ ಹೋಗಿಬರುವವಳು. "ಇದು ಬಂದ್ಮೇಲೆ ನಮ್ ಮೇಸ್ತ್ರಿಗೆ ನನ್ನ ಬೈಯೋಕೆ ಬೇರೆ ಕಾರಣ ಹುಡುಕೋ ಹಂಗಾಗೈತೆ."

"ಹೊಸದರಲ್ಲಿ ಎಲ್ಲಾ ಹಂಗೇ ಕಣವ್ವ. ಒಸಿ ದಿನ ಹೋಗ್ಲಿ, ನಮ್ ದಾರಿಗೆ ಬತ್ತದೆ," ಎಂದು ಚನ್ನಯ್ಯ ಟೀ ಊದಿದ.

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಚೀಲಗಳನ್ನು ಹಿಡಿದು ನಡೆದೇಬಿಟ್ಟರು.

ಎಂಟಕ್ಕೆ ಸರಿಯಾಗಿ ಹೊಸ ರೈಲು ಮದುವಣಗಿತ್ತಿಯ ಹಾಗೆ ಬಂದು ನಿಂತಿತು. ಚನ್ನಯ್ಯ ಓಡಿದ. ಬಾಗಿಲ ಹತ್ತಿರ ಹೋದವನಿಗೆ ರಾಹು ನೆನಪಾದ. ಮುಂದಿಟ್ಟ ಕಾಲು ಹಿಂದೆ ಬಂತು.

"ಹತ್ರೀ!" ಒಳಗಿನಿಂದ ಶಿವಲಕ್ಷ್ಮಿ ಕೂಗಿದಳು.

"ಇರು, ಒಂಬತ್ತಾಗ್ಲಿ! ಅಷ್ಟೊತ್ತೂ ಇಲ್ಲೇ ನಿಂತಿರ್ತದೆ!"

ರೈಲು ಇವನ ಜೊತೆ ವಾದ ಮಾಡಲಿಲ್ಲ. ಸುಮ್ಮನೆ ಹೊರಟಿತು. ಹೆಂಡತಿ, ಗೂಡು, ಅಖ್ತರಿ ಎಲ್ಲಾ ಹೋದರು. ಚನ್ನಯ್ಯನ ಹತ್ತಿರ ಉಳಿದದ್ದು ಜೇಬಿನಲ್ಲಿದ್ದ ಎರಡು ರೈಲು ಟಿಕೆಟ್ಟು!

ಗಾಬರಿಯಲ್ಲಿ ರಾಹುವನ್ನೂ ಮರೆತು ಸಿಕ್ಕಿದ ಬಸ್ಸು ಹತ್ತಿದ. ಕಂಡಕ್ಟರ್ ಕೈಗೆ ರೈಲಿನ ಟಿಕೆಟ್ಟನ್ನೇ ಕೊಟ್ಟ. "ಯಜಮಾನ್ರೇ, ನಮ್ ಬಸ್ಸಿಗೆ ಕಂಬಿ ಇಲ್ಲ," ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ರಸ್ತೆ ಅಗಲ ಮಾಡುವ ಯಂತ್ರಗಳು ಅಡ್ಡ ನಿಂತಿದ್ದವು. ಕೆಂಗಲ್ಲಿನ ಆಂಜನೇಯನ ಗುಡಿಯ ಹತ್ತಿರ ಬಸ್ಸು ಬೇರು ಬಿಟ್ಟಿತು. "ಅಪ್ಪಾ ಆಂಜನೇಯ, ಅವಳ ಗೂಡೊಂದು ಉಳಿಸು," ಎಂದು ಕಿಟಕಿಯಿಂದಲೇ ಕೈಮುಗಿದ. ಅವಳು ಮಾರ್ಕೆಟ್ಟಿಗೆ ಎಂದೂ ಒಬ್ಬಳೇ ಹೋದವಳಲ್ಲ. ಗೂಡಿನ ಹರಾಜು ಎಂದರೆ ಗಂಡಸರ ಗದ್ದಲ. ಅವನ ಕಣ್ಣಿಗೆ ಗೂಡಿನಿಂದ ಹಾರಿಹೋಗುವ ಚಿಟ್ಟೆಗಳೇ ಕಂಡವು.

ಮಾರ್ಕೆಟ್ಟು ಸೇರಿದಾಗ ಹರಾಜು ಮುಗಿದಿತ್ತು. ಶಿವಲಕ್ಷ್ಮಿ ಖಾಲಿ ಚೀಲಗಳನ್ನು ಅಚ್ಚುಕಟ್ಟಾಗಿ ಮಡಿಸಿ, ಅದರ ಮೇಲೆ ಮಹಾರಾಣಿಯಂತೆ ಕೂತು ವಡೆ ತಿನ್ನುತ್ತಿದ್ದಳು.

"ಬಂದ್ರಾ? ರಾಹುಕಾಲ ಕಳೀತಾ?"

"ಗೂಡು...?"

"ಒಳ್ಳೇ ರೇಟಿಗೇ ಹೋಯ್ತು. ಈ ಗೂಡು ಸಾಕ್ದೋರು ಯಾರು ಅಂತ ಕೇಳಿದ್ರು. ನಾನೇ ಅಂದೆ." ಅವಳ ಮುಖ ಬೆಳಗುತ್ತಿತ್ತು.

"ಟಿಕೆಟ್ಟಿರಲಿಲ್ವಲ್ಲ, ಏನ್ಮಾಡ್ದೆ?"

"ಕೇಳೋನು ಬಂದಿದ್ದ. ಟಿಕೆಟ್ಟು ನಮ್ ಯಜಮಾನ್ರ ಜೇಬಲ್ಲೈತೆ, ಯಜಮಾನ್ರು ರಾಹುಕಾಲದಲ್ಲವ್ರೆ ಅಂದೆ. ಬಿದ್ದು ಬಿದ್ದು ನಕ್ಕು ಮುಂದಕ್ಕೆ ಹೋದ."

ಚನ್ನಯ್ಯ ಪಕ್ಕದಲ್ಲಿ ಕೂತ. ಅವಳು ವಡೆಯಲ್ಲಿ ಅರ್ಧ ಮುರಿದು ಕೊಟ್ಟಳು.

ಮುಂದಿನ ಬೆಳೆ ಕೈಗೆ ಬಂತು. ಮತ್ತೆ ಸೋಮವಾರವೇ. ಮುನಿಶಾಮಯ್ಯ ಟೀ ಕೊಟ್ಟು ಕಣ್ಣು ಮಿಟುಕಿಸಿದ. "ಏನಪ್ಪ ಜಾತಕದೋನೇ, ಈ ಹೊಸ ರೈಲ ನಂಬಬೋದಾ?"

ಚನ್ನಯ್ಯ ಗಂಟಲು ಸರಿಮಾಡಿಕೊಂಡ. "ನೋಡು ಮುನಿಶಾಮಣ್ಣ, ನಂಬೋದು ಅಂದ್ರೆ ಅದರಲ್ಲಿ ಎರಡು ತರ ಐತೆ. ಮೊದಲ್ನೇದು..."

ಢಣ್! ಢಣ್! ಢಣ್!

ಅರ್ಧ ಟೀ ಅಲ್ಲೇ ಉಳಿಯಿತು. ಎರಡು ಚೀಲಗಳು ಚನ್ನಯ್ಯನ ಹೆಗಲೇರಿದವು.

"ಲೇ ಚನ್ನಯ್ಯ, ಇನ್ನೂ ರಾಹುಕಾಲ ಕಣ್ಲಾ! ಎರಡ್ನೇದು ಏನು ಅಂತಾದ್ರೂ ಹೇಳೋಗ್ಲಾ!"

ಚನ್ನಯ್ಯ ತಿರುಗಿ ನೋಡಲಿಲ್ಲ. ಟಿಕೆಟ್ಟುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಂದೆ ಮುಂದೆ ಹೋಗುತ್ತಿದ್ದ ಶಿವಲಕ್ಷ್ಮಿಯ ಹಿಂದೆ, ಬಿರಬಿರನೆ ನಡೆದುಬಿಟ್ಟ.