ಪಕ್ಕದ ಮನೆಯವನ ಪಾಸ್‌ಪೋರ್ಟು

ಒಳ್ಳೆಯದೆಲ್ಲ ಪಕ್ಕದ ಮನೆಗೇ ಆಗುತ್ತದೆ, ನಮ್ಮ ಮನೆಗೆ ಅದರ ಸುದ್ದಿ ಮಾತ್ರ ಬರುತ್ತದೆ. ಶಹಾಪುರದ ಕಾಲುವೆ ಕಾಲೊನಿಯಲ್ಲಿ ನನಗೂ ಪಕ್ಕದ ಮನೆಯವನಿಗೂ ನಡುವೆ ಒಂದೇ ಗೋಡೆ. ಇಬ್ಬರೂ ಒಂದೇ ಆಫೀಸಿನ ಗುಮಾಸ್ತರು. ಬೈಕಿನಲ್ಲಿ ಹೊರದೇಶ ಸುತ್ತಬೇಕೆಂದು ಇಪ್ಪತ್ತು ವರ್ಷ ಬಾಯಿಬಡಿದುಕೊಂಡವನು ನಾನು. ಬರ್ಮಾ ದಾಟಿ ವಿಯೆಟ್ನಾಂ ತನಕ ಹೊರಟವನು ಅವನು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಬುತ್ತಿ

ಪಾಸ್‌ಪೋರ್ಟು ಬರುವ ಮೊದಲೇ, ತಿಂಗಳಿಟ್ಟರೂ ಕೆಡುವುದಿಲ್ಲವೆಂದು ಅವನ ಹೆಂಡತಿ ಸಜ್ಜೆಯ ಕಟಕ್ ರೊಟ್ಟಿ ಬಡಿಯಲು ಕೂತಳು. ಓಣಿಯ ಹೆಂಗಸರೆಲ್ಲ ಕೈಹಾಕಿದರು. ಆದಷ್ಟು ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿಗಳನ್ನು ಹಿಂದೆ ಕಟ್ಟಿ ನೋಡಿದಾಗಲೇ ಬೈಕಿನ ಮುಂದಿನ ಗಾಲಿಯೇ ಮೇಲೆದ್ದಿತು. ನನಗೆ ಹಬ್ಬ. ಖುಷಿಯಿಂದ ಊಟಕ್ಕೆ ಬಂದರೆ ನಮ್ಮ ಒಲೆ ಹೊತ್ತಿಸಿಯೇ ಇರಲಿಲ್ಲ. ನನ್ನ ಹೆಂಡತಿ ಅವನ ಅಂಗಳದಿಂದಲೇ ಹೇಳಿದಳು:

"ಇವತ್ತೊಂದಿನ ಖಾನಾವಳ್ಯಾಗ ಉಣ್ರಿ. ಅವರ ರೊಟ್ಟಿ ಇನ್ನೂ ಐವತ್ತು ಬಾಕಿ ಅದಾವ."

ಬಲಗಡೆ

ಆ ದೇಶಗಳಲ್ಲಿ ಗಾಡಿ ಬಲಗಡೆ ಓಡಿಸುತ್ತಾರಂತೆ. ರೂಢಿಯಾಗಲೆಂದು ಅವನು ದಿನಾ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಬಲಗಡೆಯೇ ಓಡಿಸತೊಡಗಿದ. ಭತ್ತದ ಗದ್ದೆಗೆ ಹೋಗುವವರು ಉಗಿಯುತ್ತಾರೆಂದು ಕಾದೆ. ಅವರೋ ಕಾರಣ ಕೇಳಿಕೊಂಡು, ಟ್ರ್ಯಾಕ್ಟರ್ ಸಮೇತ ತಾವೂ ಬಲಕ್ಕೆ ಸರಿದರು. ವಾರದಲ್ಲಿ ಇಡೀ ದಂಡೆಗೆ ಅದೇ ಕಾಯ್ದೆ. ಎಂದಿನಂತೆ ಎಡಗಡೆ ಬಂದ ನನ್ನನ್ನು ಒಬ್ಬ ಮುದುಕ ತಡೆದ.

"ಓದಿದವರು ನೀವು, ಹಿಂಗ ಅಡ್ಡ ಬಂದ್ರ ಹೆಂಗ್ರಿ?"

ವಿಚಾರಣೆ

ಕೊನೆಗೆ ದೇವರು ನನ್ನ ಕಡೆ ನೋಡಿದ. ಪಾಸ್‌ಪೋರ್ಟಿಗಾಗಿ ಅವನ ಬಗ್ಗೆ ವಿಚಾರಿಸಲು ಪೊಲೀಸಪ್ಪ ನಮ್ಮ ಮನೆಗೇ ಬಂದ. ನನ್ನ ಒಂದು ಮಾತಿಗೆ ಅವನ ಪ್ರಯಾಣ ನಿಲ್ಲುತ್ತಿತ್ತು. ಚಹಾ ಕೊಟ್ಟು ಶುರುಮಾಡಿದೆ.

"ದೇಶ ತಿರುಗೂ ಮನಶ್ಯಾ ಅಲ್ರಿ ಅಂವ. ಇಲ್ಲೇ ಸುರಪುರಕ್ಕ ಹೋದ್ರೂ ಸಂಜಿಗೆ ಮನಿ ನೆನಸಿ ಓಡಿ ಬರ್ತಾನ."

ಪೊಲೀಸಪ್ಪನ ಮುಖ ಅರಳಿತು. ಹೋದವರು ತಿರುಗಿ ಬರುವುದಿಲ್ಲ ಎಂಬುದೇ ತಮ್ಮ ಚಿಂತೆ, ಇಂಥವರೇ ಬೇಕು ಎಂದು ಬರೆದುಕೊಂಡ. ಹದಿನೈದು ದಿನಕ್ಕೆ ಪಾಸ್‌ಪೋರ್ಟು ಬಂತು.

ಅವನು ಪೇಡೆ ತಂದು ನನ್ನ ಕಾಲಿಗೆ ಬಿದ್ದ. ನಿಮ್ಮಿಂದಲೇ ಆಯಿತು, ನೀವೂ ಮಾಡಿಸಿರಿ, ಜೋಡಿಯಲ್ಲೇ ಹೋಗೋಣ ಎಂದು ಅರ್ಜಿಯನ್ನೂ ತುಂಬಿಕೊಟ್ಟ. ನಾಚಿಕೆಯಾಯಿತು, ಆಸೆಯೂ ಆಯಿತು, ಸಹಿ ಹಾಕಿದೆ. ನನ್ನ ವಿಚಾರಣೆಗೆ ಅದೇ ಪೊಲೀಸಪ್ಪ ಅವನ ಮನೆಗೆ ಬಂದ. ನಾನು ಗೋಡೆಗೆ ಕಿವಿಯಿಟ್ಟೆ. ಅವನ ದನಿಯಲ್ಲಿ ಪ್ರೀತಿ ತುಂಬಿತ್ತು.

"ಅಣ್ಣಾರಿಗೆ ಇಪ್ಪತ್ತು ವರ್ಷದಿಂದ ಇದೊಂದ ಕನಸ್ರಿ. ಒಮ್ಮಿ ಗಡಿ ದಾಟಿದ್ರಂದ್ರ ತಿರುಗಿ ಬರೂ ಮಾತೇ ಇಲ್ಲ."

ಅವನು ವಿಯೆಟ್ನಾಂ ನೋಡಿ ಬಂದು ಎರಡು ವರ್ಷವಾಯಿತು. ನನ್ನ ಅರ್ಜಿ ಇನ್ನೂ ಯಾದಗಿರಿ ದಾಟಿಲ್ಲ.