ಅಂತರ್ಜಾಲ ಕೇಂದ್ರಕ್ಕೆ ಕೊಡ ತರುವವರ ಗಮನಕ್ಕೆ

ಸಂಬಂಧಪಟ್ಟ ಇಲಾಖೆ
ಮಾಹಿತಿ ಕೇಂದ್ರ, ಕದರಮಂಡಲಗಿ ರಸ್ತೆ, ಬ್ಯಾಡಗಿ ತಾಲೂಕು

ಸಂಖ್ಯೆ: ಸಂ.ಇ./ಜಲ (ಜಾಲ ಎಂದು ಓದತಕ್ಕದ್ದು)/ಕೊಡ/೨೦೦೪-೦೫

ವಿಷಯ: ಅಂತರ್ಜಾಲ ಎಂದರೆ ಏನು, ಅದನ್ನು ತಲೆಯ ಮೇಲೆ ಹೊತ್ತೊಯ್ಯಲು ಏಕೆ ಬಾರದು ಎಂಬ ಬಗ್ಗೆ.

ಉಲ್ಲೇಖ: ೧. ಕೇಂದ್ರದ ಫಲಕ.
೨. ಮುತ್ತವ್ವನವರ ಬಾಯಿಮಾತಿನ ಅರ್ಜಿ.
೩. ಅದೇ ಅರ್ಜಿ, ಮರುದಿನ, ಏರಿದ ದನಿಯಲ್ಲಿ.

ಪ್ರಸ್ತಾವನೆ:
‘ಇಲ್ಲಿ ಅಂತರ್ಜಾಲ ಸಿಗುತ್ತದೆ’ ಎಂದು ಫಲಕ ಬರೆಯಲು ಪೇಂಟರ್ ಕೊಟ್ರೇಶನಿಗೆ ಆದೇಶವಾಗಿತ್ತು. ತಗಡು ಸಾಲದ್ದಕ್ಕೆ ಆತ ‘ಜಾ’ ಅಕ್ಷರದ ದೀರ್ಘವನ್ನು ನುಂಗಿ, ‘ಇಲ್ಲಿ ಅಂತರ್ಜಲ ಸಿಗುತ್ತದೆ’ ಎಂದು ಬರೆದಿರುತ್ತಾನೆ. ಅದೇ ವಾರ ಓಣಿಯ ಬೋರಿಂಗಿನ (ಕೈಪಂಪಿನ) ಹಿಡಿಕೆ ಮುರಿದಿರುತ್ತದೆ. ಓಣಿಗೆಲ್ಲ ಹಿರಿಯರಾದ ಮುತ್ತವ್ವನವರು ಕೊಡ ಹಿಡಿದು ಮೊದಲು ಬಂದರು. ಹಿಂದೆಯೇ ಓಣಿಯೆಲ್ಲ ಕೊಡ ಹಿಡಿದು ಪಾಳಿ (ಸರದಿ ಸಾಲು) ಹಚ್ಚಿತು.

ಇಲ್ಲಿ ಸಿಗುವುದು ನೀರಲ್ಲ, ಮಾಹಿತಿ ಎಂದು ಆಪರೇಟರ್ ಶಾಬುದ್ದೀನ ತಿಳಿಸಿದ್ದಕ್ಕೆ ಮುತ್ತವ್ವನವರು, “ಮಾಹಿತೀಲೆ ರೊಟ್ಟಿ ಹಿಟ್ಟು ನಾದಾಕ ಬರತೈತೇನ ತಮ್ಮಾ?” ಎಂದು ಕೇಳಿರುವುದು ಕಡತದಲ್ಲಿದೆ. ಆಕೆಗೆ ತಿಳಿಯಲೆಂದು ಶಾಬುದ್ದೀನನು ನೀರಿನ ಹೋಲಿಕೆಯನ್ನೇ ಹಿಡಿದದ್ದರಿಂದ ಪಾಳಿ ಕರಗುವ ಬದಲು ಇಮ್ಮಡಿಯಾಯಿತು. ಹಿಂದೆ ಇದೇ ಊರಿಗೆ ಕರೆಂಟು ಬಂದಾಗ ಬಲ್ಬನ್ನು ಊದಿ ಆರಿಸಲು ಹೋದವರು ಇನ್ನೂ ಇದ್ದಾರೆ. ಅವರ ಹೆಸರನ್ನು ಗೌಪ್ಯವಾಗಿಡಲಾಗಿದೆ. ಆದ್ದರಿಂದ ಯಾರನ್ನೂ ನೋಡಿ ನಗದೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ಸರ್ವರ್: ದೂರದ ಊರಿನಲ್ಲಿರುವ ದೊಡ್ಡ ಯಂತ್ರ. ಎಲ್ಲರೂ ಕೇಳಿದ್ದು ಅಲ್ಲಿಂದಲೇ ಬರುತ್ತದೆ. ಇದನ್ನು ನೀರಿನ ಟಾಕಿ ಎಂದು ತಿಳಿಯಬಹುದು, ನಂಬತಕ್ಕದ್ದಲ್ಲ. ಸಿಬ್ಬಂದಿಯು ‘ಸರ್ವರ್ ಮಲಗೈತಿ’ ಎಂದಾಗ ‘ಎಬ್ಬಸ್ರಿ, ಹೊತ್ತು ನೆತ್ತಿಗೆ ಬಂತು’ ಎನ್ನುವುದನ್ನು ನಿಷೇಧಿಸಲಾಗಿದೆ.

೨. ಮೋಡೆಮ್: ಕಂಪ್ಯೂಟರಿನ ಮಾತನ್ನು ಟೆಲಿಫೋನ್ ತಂತಿಗೆ ತಿಳಿಯುವಂತೆ ತಿರುಗಿಸುವ ಡಬ್ಬಿ. ಮೊದಲು ಕಿರ್ರೆಂದು, ಆಮೇಲೆ ಸುಂಯ್ ಎಂದು ಕೂಗುವುದು ಅದರ ಸ್ವಭಾವ. ‘ನಳದಾಗ ಗಾಳಿ ಬಂತು, ಇನ್ನ ನೀರು ಬರತೈತಿ’ ಎಂದು ಕೊಡ ಮುಂದೆ ಸರಿಸತಕ್ಕದ್ದಲ್ಲ.

೩. ಪ್ಯಾಕೆಟ್: ಕಳಿಸಿದ ಪತ್ರ ಒಂದೇ ಗಂಟಾಗಿ ಹೋಗುವುದಿಲ್ಲ. ಚೂರುಚೂರಾಗಿ, ಬೇರೆ ಬೇರೆ ದಾರಿ ಹಿಡಿದು, ಮುಟ್ಟಿದಲ್ಲಿ ಸಾಲಾಗಿ ಕೂಡಿಕೊಳ್ಳುತ್ತದೆ. ಹಲವು ಕೊಡಗಳ ನೀರು ಒಂದು ಹಂಡೆ ಸೇರಿದಂತೆ. ನಡುದಾರಿಯಲ್ಲಿ ತಪ್ಪಿದ ಚೂರನ್ನು ಮತ್ತೆ ಕೇಳಿ ತರಿಸಲಾಗುತ್ತದೆ. ಎಡವಿ ಚೆಲ್ಲಿದ ಕೊಡಗಳಿಗೆ ಈ ಸವಲತ್ತು ಅನ್ವಯಿಸುವುದಿಲ್ಲ.

೪. ರೌಟರ್: ಯಾವ ಚೂರು ಯಾವ ದಾರಿಗೆ ಎಂದು ತಿರುಗಿಸುವ ಯಂತ್ರ. ಊರ ನೀರು ಬಿಡುವ ವಾಲ್‌ಮನ್ ಹುಲಿಗೇಶ ಇದ್ದಂತೆ. ಆದರೆ ರೌಟರು ತನ್ನ ಬೀಗರ ಓಣಿಗೆ ಹೆಚ್ಚು ಬಿಡುವುದಿಲ್ಲ. ಈ ಹೋಲಿಕೆಗೆ ಹುಲಿಗೇಶನು ತಕರಾರು ಸಲ್ಲಿಸಿದ್ದು, ಆತನ ಬೀಗರೇ ಸಾಕ್ಷಿಯಾಗಿ ಸಹಿ ಹಾಕಿದ್ದಾರೆ.

೫. ಬ್ಯಾಂಡ್‌ವಿಡ್ತ್: ಒಂದೇ ಹೊತ್ತಿಗೆ ಎಷ್ಟು ಹಾಯಬಹುದು ಎಂಬ ಅಳತೆ, ಪೈಪಿನ ಅಗಲವಿದ್ದಂತೆ. ಮದುವೆ ಬ್ಯಾಂಡಿಗೆ ಸಂಬಂಧವಿಲ್ಲ. ಬ್ಯಾಂಡ್ ಮಾಸ್ತರ್ ಶಮಶೇರಸಾಬರು ಕೊಳಲು ಸಮೇತ ಬಂದು ವಿಚಾರಿಸಿ ಹೋಗಿರುತ್ತಾರೆ.

೬. ಐಪಿ ವಿಳಾಸ: ಪ್ರತಿ ಯಂತ್ರಕ್ಕೂ ಇರುವ ಅಂಕಿಗಳ ಮನೆನಂಬರು. ‘ಗುಡಿ ಹಿಂದ, ಎಮ್ಮಿ ಕಟ್ಟಿದ ಮನಿ’ ಎಂದು ಬರೆದುಕೊಟ್ಟರೆ ಯಂತ್ರಕ್ಕೆ ದಾರಿ ಸಿಗುವುದಿಲ್ಲ. ಎಮ್ಮೆ ಮಾರಿದ್ದರೆ ಮನುಷ್ಯರಿಗೂ ಸಿಗುವುದಿಲ್ಲ.

೭. ಡೌನ್‌ಲೋಡ್: ದೂರದ ಯಂತ್ರದಲ್ಲಿದ್ದುದನ್ನು ಇಲ್ಲಿಗೆ ಇಳಿಸಿಕೊಳ್ಳುವುದು. ಶಾಬುದ್ದೀನನು ಎದುರಿಗೇ ಒಂದು ಚಿತ್ರವನ್ನು ಇಳಿಸಿ ತೋರಿಸಲಾಗಿ, ಅದು ಜೋಗ ಜಲಪಾತದ್ದಾಗಿತ್ತು. ಇದು ಅವಿವೇಕವೆಂದು ಇಲಾಖೆ ದಾಖಲಿಸುತ್ತದೆ.

೮. ಇಷ್ಟನ್ನೂ ಮುತ್ತವ್ವನವರು ಮೆಟ್ಟಿಲ ಮೇಲೆ ಕುಳಿತು ಸಾವಧಾನವಾಗಿ ಕೇಳಿದರು. ಕೇಳಿ, ಎದ್ದು ನಿಂತು ಹೇಳಿದ್ದೇನೆಂದರೆ: “ತಿಳೀತಪಾ. ಟಾಕಿ ಅಲ್ಲ, ನಳಾ ಅಲ್ಲ, ಪೈಪೂ ಅಲ್ಲ. ಹಂಗಾರ ಫಲಕದಾಗ ಬರದದ್ದು ಖರೇ ಮಾಡ್ರಿ, ಇಲ್ಲಾ ಅಳಸ್ರಿ. ಹೊಲದ ಬಾವಿ ತನಕ ಹೋಗಿ ಬರಾಕ ನನ್ನ ಮೊಣಕಾಲು ಒಲ್ಲೆ ಅಂತಾವು.”

೯. ಸದರಿ ಮಾತನ್ನು ಪರಿಶೀಲಿಸಲಾಗಿ, ಫಲಕ ಅಳಿಸಲು ಹಾವೇರಿಯ ಮೇಲಿನ ಕಚೇರಿಯ ಅನುಮತಿ ಬೇಕೆಂದು ಕಂಡುಬಂದಿದೆ. ಹಾವೇರಿಯಿಂದ ಬಂದ ಉತ್ತರದಂತೆ, ಅಳಿಸಲು ಅನುಮತಿ ಇಲ್ಲ; ದೀರ್ಘವನ್ನು ಸೇರಿಸುವುದು ಹೊಸ ಕಾಮಗಾರಿಯಾಗುವುದರಿಂದ ಟೆಂಡರ್ ಕರೆಯತಕ್ಕದ್ದು. ಅಲ್ಲಿಯವರೆಗೆ ಸರಕಾರಿ ಫಲಕ ಸುಳ್ಳು ಹೇಳುವಂತಿಲ್ಲ. ಅಳಿಸಲು ಬಾರದ ಕಾರಣ ಖರೇ ಮಾಡುವುದೊಂದೇ ಉಳಿದ ದಾರಿ.

೧೦. ಆದಕಾರಣ ಬೋರಿಂಗಿನ ಹಿಡಿಕೆಯನ್ನು ‘ಕಂಪ್ಯೂಟರ್ ಬಿಡಿಭಾಗ’ ಎಂಬ ಲೆಕ್ಕಶೀರ್ಷಿಕೆಯಡಿ ದುರಸ್ತಿ ಮಾಡಿಸಲು ಈ ಮೂಲಕ ಆದೇಶಿಸಲಾಗಿದೆ. ರಾಣೆಬೆನ್ನೂರಿನಿಂದ ಕರೆಸಿದ ಮಿಸ್ತ್ರಿಯು ಇದನ್ನು ಬರೆಯುವ ಹೊತ್ತಿಗೆ ಪಾನಾ (ಸ್ಪ್ಯಾನರ್) ಹಿಡಿದು ಬೋರಿಂಗಿನ ಬುಡದಲ್ಲಿ ಕುಳಿತಿರುತ್ತಾನೆ. ಆತನಿಗೆ ಮೌಸ್ ಹಿಡಿಯಲು ಬರುತ್ತದೆಯೇ ಎಂದು ಯಾರೂ ಕೇಳತಕ್ಕದ್ದಲ್ಲ.

ಸಹಿ/-
(ಸೋಮಪ್ಪ)
ಪ್ರಭಾರ ಅಧಿಕಾರಿ; ಖಾಯಂ ಅಧಿಕಾರಿಯು ಕಂಪ್ಯೂಟರ್ ತರಬೇತಿಗೆ ಹೋದವರು ಬಂದಿಲ್ಲ

ಪ್ರತಿಗಳು:
೧. ಪೇಂಟರ್ ಕೊಟ್ರೇಶ: ನುಂಗಿದ ದೀರ್ಘವನ್ನು ಟೆಂಡರ್ ಆಗುವವರೆಗೆ ಜೋಪಾನ ಮಾಡಲು.
೨. ವಾಲ್‌ಮನ್ ಹುಲಿಗೇಶ: ಸಮಾಧಾನಕ್ಕಾಗಿ.
೩. ಹಾವೇರಿ ಮೇಲಿನ ಕಚೇರಿ: ಇ-ಮೇಲ್ ಮೂಲಕ, ಅದು ಹೋಗದ್ದರಿಂದ ಬಸ್ಸಿನ ಕಂಡಕ್ಟರರ ಮೂಲಕ.
೪. ಕಚೇರಿ ಪ್ರತಿ: ದುರಸ್ತಿಯಾದ ಬೋರಿಂಗಿನ ಮೊದಲ ಕೊಡವನ್ನು ಮುತ್ತವ್ವನವರು ‘ಕುಡೀರಿ, ತಂಪೈತಿ’ ಎಂದು ಇದರ ಮೇಲೆಯೇ ಇಟ್ಟಿದ್ದರಿಂದ ತೊಯ್ದಿದೆ, ಒಣಹಾಕಲಾಗಿದೆ.