ಹಕ್ಕಿ ಕಡುಬು

ಮೂಡಿಗೆರೆಯ ಮಹಿಳಾ ಸಮಾಜದವರು ಹೊರತರುತ್ತಿದ್ದ ಅಡುಗೆ ಪುಸ್ತಕದ ಪ್ರೂಫ್ ನೋಡಿಕೊಡಲು ದಿನಸಿ ಅಂಗಡಿಯ ಚನ್ನಬಸವ ಒಪ್ಪಿಕೊಂಡದ್ದೇ ತಪ್ಪಾಯಿತು. ಗಿರಾಕಿಗಳಿಗೆ ಬೇಳೆ ತೂಗುತ್ತ, ಬೆಲ್ಲ ಕಟ್ಟುತ್ತ ಓದಿ ಮುಗಿಸಿದ್ದ. ಬಿಡುಗಡೆಯ ದಿನ ಬೆಳಿಗ್ಗೆ ಪ್ರೆಸ್ಸಿನಿಂದ ಬಂದ ಕಟ್ಟು ಬಿಚ್ಚಿ, ಅತ್ತೆ ಸರೋಜಮ್ಮನವರ ಕಡುಬಿನ ಪುಟ ತೆಗೆದವನ ಎದೆ ಧಸಕ್ಕೆಂದಿತು.

'ಎರಡು ಪಾವು ಹಕ್ಕಿಯನ್ನು ಚೆನ್ನಾಗಿ ತೊಳೆದು, ನೆರಳಲ್ಲಿ ಒಣಗಿಸಿ, ತರಿಯಾಗಿ ಒಡೆಯಿರಿ.'

ಅಕ್ಕಿ ಹೋಗಿ ಹಕ್ಕಿಯಾಗಿತ್ತು! ಸರೋಜಮ್ಮನವರೋ ಮೊಟ್ಟೆಯ ಚಿತ್ರ ಕಂಡರೂ ತಲೆಗೆ ನೀರು ಹಾಕಿಕೊಳ್ಳುವವರು. ಮಧ್ಯಾಹ್ನದ ಬಸ್ಸಿಗೆ ವಸ್ತಾರೆಯಿಂದ ನೆಂಟರನ್ನೆಲ್ಲ ಕಟ್ಟಿಕೊಂಡು ಬರುವವರಿದ್ದರು.

ಪಕ್ಕದ ಬಟ್ಟೆ ಅಂಗಡಿಯ ಓಂಕಾರಪ್ಪ ಹೆಗಲ ಮೇಲಿಂದ ಇಣುಕಿದ. "ಏನ್ ಮಾರಾಯಾ, ನಿಮ್ಮತ್ತೆಯವ್ರು ಯಾವಾಗಿಂದ ಹಕ್ಕಿ ತಿನ್ನಕ್ಕೆ ಶುರು ಮಾಡಿದ್ರು?"

"ಮೆಲ್ಲಗೆ ಮಾತಾಡೋ! ಒಳಗೆ ನನ್ ಹೆಂಡ್ತಿ ಇದಾಳೆ!"

ಓಂಕಾರಪ್ಪನ ಗಂಟಲು ಜೀಪಿನ ಹಾರನ್ನಿನಂಥದು. ಗಳಿಗೆಯಲ್ಲೇ ಎದುರು ಹೋಟೆಲಿನ ಪುಟ್ಟಸ್ವಾಮಿ ಬಂದು, "ಕಡುಬಿಗೆ ಗುಬ್ಬಿನೋ, ಪಾರಿವಾಳನೋ?" ಎಂದು ವಿಚಾರಿಸಿದ.

ಚನ್ನಬಸವ ಕಟ್ಟುಗಳನ್ನೆಲ್ಲ ಜೀಪಿಗೆ ಹೇರಿಕೊಂಡು ಹೋಗಿ, ಸಭಾಭವನದ ಪರದೆಯ ಹಿಂದೆ ಪೆನ್ನು ಹಿಡಿದು ಕೂತ. ಅರ್ಧ ಪುಸ್ತಕಗಳೂ ಮುಗಿದಿಲ್ಲ, ಆಗಲೇ ಮೈಕು "ಹಲೋ, ಹಲೋ" ಎಂದಿತು. ತಮಾಷೆ ನೋಡಲು ಹಿಂದೆಯೇ ಬಂದಿದ್ದ ಓಂಕಾರಪ್ಪನಿಗೆ ಅಯ್ಯೋ ಅನ್ನಿಸಿತು.

"ಕೊಡು ಇತ್ಲಾಗೆ. ಏನ್ ಮಾಡ್ಬೇಕು ಹೇಳು."

"ಎಲ್ಲೇ ಹಕ್ಕಿ ಕಂಡ್ರೂ ಹ ಹೊಡ್ದು ಅ ಮಾಡು. ಓದ್ತಾ ಕೂರ್ಬೇಡ!"

ಓಂಕಾರಪ್ಪ ಓದಲಿಲ್ಲ. ಸೀರೆಯ ಅಂಚು ನೋಡುವವನಂತೆ ಸರಸರನೆ ಪುಟ ಮಗುಚಿದ.

ಸರೋಜಮ್ಮ ಬಂದರು. ಪುಸ್ತಕ ಕೈಗೆ ಬಂತು, ಕನ್ನಡಕ ಮೂಗಿಗೇರಿತು. ಪರದೆಯ ಸಂದಿಯಿಂದ ಚನ್ನಬಸವ ಇಣುಕಿದ.

"ನೋಡ್ರೇ, ನಮ್ಮ ಅಳಿಯಂದ್ರು ಕೈಯಾರೆ ತಿದ್ದಿದಾರೆ. ಎಷ್ಟ್ ಶ್ರದ್ಧೆ!" ಎಂದು ಅವರು ನೆಂಟರಿಗೆ ತೋರಿಸಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ಚನ್ನಬಸವ ಬಂದು ಅವರ ಪಕ್ಕದಲ್ಲೇ ಕೂತ.

ಸಮಾಜದ ಅಧ್ಯಕ್ಷೆ, ದೊಡ್ಡ ಎಸ್ಟೇಟಿನ ಗಿರಿಜಾಂಬಾ ಮೈಕಿನ ಮುಂದೆ ನಿಂತರು. "ಎಲ್ರೂ ಕೇಳ್ತಿದ್ರಿ, ನಮ್ಮನೆ ಗೌಜಲಹಕ್ಕಿ ಸಾರು ಹೆಂಗೆ ಅಂತ. ಓದ್ತೀನಿ ಕೇಳಿ." ಪುಸ್ತಕ ತೆರೆದರು. "'ಎರಡು ದಪ್ಪ ಅಕ್ಕಿಯ ರೆಕ್ಕೆಪುಕ್ಕ ಕಿತ್ತು, ಕಾಲು ಮುರಿದು...'"

ಗಿರಿಜಾಂಬಾ ನಿಲ್ಲಿಸಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಅವರ ಮುಖ ಕೆಂಡವಾಯಿತು.

"ಇದನ್ನ ತಿದ್ದಿದ ಮಹಾನುಭಾವರು ಯಾರು?"

ಚನ್ನಬಸವ ಕುರ್ಚಿಯಿಂದ ಕೆಳಕೆಳಗೆ ಜಾರಿದ. ತಮ್ಮ ಪುಟವನ್ನೇ ಓದುತ್ತ ಮೈಮರೆತಿದ್ದ ಸರೋಜಮ್ಮನವರಿಗೆ ಕೇಳಿಸಿದ್ದು ಆ ಕೊನೆಯ ಪ್ರಶ್ನೆಯೊಂದೇ. ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ನಮ್ಮ ಅಳಿಯಂದ್ರು ಕಣ್ರೀ! ಇಲ್ಲೇ ಕೂತಿದಾರೆ. ಏಳಿ ಅಳಿಯಂದ್ರೇ, ನಾಚ್ಕೋಬೇಡಿ!"